ಆಂಪ್ಲಿಫೈಯರ್ ಬೆನ್ನಿಗೆ ಯಾವ ಪವರ್ ಸಾಕೆಟ್? ನಾನು ಆರಿಸಿದ ಬಗೆ

ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವವರು ಐಸಿ, ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್ ಬಗ್ಗೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. 230 ವೋಲ್ಟ್ ಒಳಗೆ ಬರುವ ಜಾಗಕ್ಕೆ ಮಾತ್ರ ಕೈಗೆ ಸಿಕ್ಕಿದ್ದನ್ನು ಹಾಕಿ ಮುಗಿಸುತ್ತಾರೆ. ನಾನು ಈ ಸಲ ಅಲ್ಲಿಂದಲೇ ಶುರು ಮಾಡಿದೆ. ಕಾರಣ ಇಷ್ಟೆ: ಡಬ್ಬಿ ಪೂರ್ತಿ ಅಲ್ಯೂಮಿನಿಯಂ. ಒಳಗೆ ಒಂದು ವೈರು ಕಳಚಿ ಡಬ್ಬಿಗೆ ತಾಗಿದರೆ ಅದನ್ನು ಮುಟ್ಟಿದವರ ಕಥೆ ಏನು? ಅರ್ಥಿಂಗ್ ಗಟ್ಟಿಯಾಗಿದ್ದರೆ ಫ್ಯೂಸ್ ಹೋಗುತ್ತದೆ, ಮನುಷ್ಯ ಉಳಿಯುತ್ತಾನೆ. ಆ ಅರ್ಥಿಂಗ್ ಒಳಗೆ ಬರುವುದು ಈ ಸಾಕೆಟ್ಟಿನ ಮೂರನೇ ಪಿನ್ನಿನಿಂದಲೇ.

ಮೊದಲು ಲೆಕ್ಕ. ನನ್ನದು ಎಲ್‌ಎಂ3886 ಅನ್ನುವ ಆಡಿಯೋ ಐಸಿ ಎರಡು ಹಾಕಿದ ಸ್ಟೀರಿಯೋ ಆಂಪ್ಲಿಫೈಯರ್. 25-0-25 ವೋಲ್ಟಿನ 300 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ ಟೊರಾಯ್ಡ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರ್. 300ನ್ನು 230ರಿಂದ ಭಾಗಿಸಿದರೆ 1.3 ಆಂಪಿಯರ್. ಪೂರ್ತಿ ಲೋಡ್ ಬಿದ್ದಾಗಲೂ ಗೋಡೆಯಿಂದ ಎಳೆಯುವುದು ಅಷ್ಟೇ. ಈ ಅಂಕಿ ಕೈಯಲ್ಲಿದ್ದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಟೇಪ್‌ರೆಕಾರ್ಡರ್‌ಗೆ ಬರುತ್ತಿದ್ದ ಎಂಟರ ಆಕಾರದ ಎರಡು ಪಿನ್ನಿನ ಸಾಕೆಟ್, ಅಂದರೆ ಸಿ8 (ಸಿ ಮತ್ತು ಅಂಕಿ ಸೇರಿದ್ದು ಇಂಥ ಸಾಕೆಟ್ ಬಗೆಗಳ ಅಂತರರಾಷ್ಟ್ರೀಯ ಹೆಸರು), ನೋಡೋಕೆ ಚಿಕ್ಕದು, ಚೊಕ್ಕ. 2.5 ಆಂಪಿಯರ್ ತಡೆಯುತ್ತದೆ, ನನ್ನ ಲೆಕ್ಕಕ್ಕೆ ಸಾಕು. ಆದರೆ ಅರ್ಥ್ ಪಿನ್ ಇಲ್ಲ. ಡಬಲ್ ಇನ್ಸುಲೇಶನ್ ಇರುವ ಪ್ಲಾಸ್ಟಿಕ್ ಉಪಕರಣಕ್ಕೆ ಅದು ಸರಿ. ಮನೆಯಲ್ಲಿ ಡ್ರಿಲ್ ಹಿಡಿದು ಮಾಡಿದ ಲೋಹದ ಡಬ್ಬಿಗೆ ಅಲ್ಲ.

ಇನ್ನೊಂದು ತುದಿಯಲ್ಲಿ 16 ಆಂಪಿಯರಿನ ಸಿ20. ದುಬಾರಿ ಆಡಿಯೋ ಉಪಕರಣಗಳಲ್ಲಿ ಇದನ್ನು ನೋಡಿ ಆಸೆಪಡುವವರು ಜಾಸ್ತಿ. ಇದರ ಕೇಬಲ್ಲಿನ ಇನ್ನೊಂದು ತುದಿಗೆ ಸಾಮಾನ್ಯವಾಗಿ ದಪ್ಪ ಪಿನ್ನಿನ ಪವರ್ ಪ್ಲಗ್ ಇರುತ್ತದೆ. ನಮ್ಮ ಮನೆಗಳಲ್ಲಿ ಅಂಥ ದೊಡ್ಡ ಸಾಕೆಟ್ ಇರುವುದು ಗೀಸರ್, ಫ್ರಿಜ್, ಎಸಿ ಪಕ್ಕ. ಟಿವಿ ಇಡುವ ಗೋಡೆಯಲ್ಲಿ ಎಷ್ಟು ಮನೆಗಳಲ್ಲಿದೆ ಹೇಳಿ? 1.3 ಆಂಪಿಯರಿಗೆ ಸುಮ್ನೆ ಅಷ್ಟು ಆರ್ಭಟ ಬೇಡ.

ನ್ಯೂಟ್ರಿಕ್‌ನವರ ಪವರ್‌ಕಾನ್ ಅನ್ನುವ ಪವರ್ ಕನೆಕ್ಟರ್ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚೇ ಯೋಚಿಸಿದೆ. ತಿರುಗಿಸಿದರೆ ಲಾಕ್ ಆಗುತ್ತದೆ, ಯಾರಾದರೂ ಕೇಬಲ್ ಎಡವಿದರೂ ಕಳಚುವುದಿಲ್ಲ. ಗಣೇಶನ ಪೆಂಡಾಲು, ಯಕ್ಷಗಾನದ ಬಯಲು ಅಂತ ಓಡಾಡುವ ಸೌಂಡ್ ಸಿಸ್ಟಮ್‌ನವರಿಗೆ ನಾನು ಅದನ್ನೇ ಹೇಳುತ್ತೇನೆ. ಒಂದು ವಿಷಯ ನೆನಪಿರಲಿ: ನೀಲಿ ಬಣ್ಣದ ಹಳೆಯ ಮಾದರಿಯನ್ನು ಕರೆಂಟ್ ಹರಿಯುತ್ತಿರುವಾಗ ಕೀಳಬಾರದು, ಅದಕ್ಕೆ ಆ ಸಾಮರ್ಥ್ಯ ಇಲ್ಲ. ಟ್ರೂ1 ಮಾದರಿಗೆ ಇದೆ. ಆದರೆ ಮನೆಯ ಹಾಲ್‌ನಲ್ಲಿ ಕೂರುವ ಆಂಪ್ಲಿಫೈಯರಿನ ಕೇಬಲ್ ಕಳೆದುಹೋದರೆ ಪಕ್ಕದ ಮನೆಯಲ್ಲಿ ಪವರ್‌ಕಾನ್ ಕೇಬಲ್ ಸಿಗುತ್ತಾ? ಕಂಪ್ಯೂಟರ್ ಕೇಬಲ್ ಸಿಗುತ್ತದೆ.

ವೈರನ್ನು ನೇರವಾಗಿ ಒಳಗೆ ತಂದು ಗ್ಲ್ಯಾಂಡ್ (ತೂತಿನಲ್ಲಿ ವೈರನ್ನು ಅಲ್ಲಾಡದಂತೆ ಹಿಡಿಯುವ ನಟ್) ಹಾಕಿ ಬಿಗಿಯುವ ಹಳೆಯ ಮೈಕ್‌ಸೆಟ್ ಪದ್ಧತಿಯೂ ತಪ್ಪಲ್ಲ. ಒಳಗೆ ಗಂಟು ಹಾಕಿ ಬಿಡುವುದು ಮಾತ್ರ ತಪ್ಪು. ಆ ದಾರಿ ಹಿಡಿಯುವವರು ಒಳಗಡೆ ಅರ್ಥ್ ವೈರನ್ನು ಉಳಿದೆರಡಕ್ಕಿಂತ ಉದ್ದ ಬಿಡಬೇಕು. ಯಾರಾದರೂ ಜಗ್ಗಿದರೆ ಕೊನೆಗೆ ಕಿತ್ತುಬರುವುದು ಅರ್ಥ್ ಆಗಿರಬೇಕು.

ಹಾಗಾಗಿ ನಾನು ನಿಂತಿದ್ದು ಸಿ14ಕ್ಕೆ. ಕಂಪ್ಯೂಟರಿನ ಹಿಂದೆ ಇರುತ್ತಲ್ಲ, ಅದೇ ಮೂರು ಪಿನ್ನಿನದು. ಐಇಸಿ 60320 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 10 ಆಂಪಿಯರ್, 250 ವೋಲ್ಟ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ "ಸಾದಾ ಬೇಕಾ, ಫ್ಯೂಸ್ ಇರೋದಾ, ತ್ರೀ ಇನ್ ಒನ್ನಾ ಸಾರ್?" ಅಂತ ಮರುಪ್ರಶ್ನೆ ಬರುತ್ತದೆ. ನಾನು ತಂದಿದ್ದು ತ್ರೀ ಇನ್ ಒನ್: ಪಿನ್ನು, ಫ್ಯೂಸ್, ಸ್ವಿಚ್ ಒಟ್ಟಿಗೇ ಇರುವಂಥದ್ದು. ಗೋಡೆಯಲ್ಲೇ ಸ್ವಿಚ್ ಇದೆಯಲ್ಲ, ಇನ್ನೊಂದು ಯಾಕೆ ಅನ್ನಬಹುದು. ಗೋಡೆಯ ಸ್ವಿಚ್ ಕತ್ತರಿಸುವುದು ಒಂದೇ ವೈರನ್ನು. ಹಳೆಯ ಮನೆಗಳಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲು ಆಗಿರುವುದು ಹೊಸದೇನಲ್ಲ. ಹಾಗಿದ್ದರೆ ಸ್ವಿಚ್ ಆರಿಸಿದರೂ ಆಂಪ್ಲಿಫೈಯರ್ ಒಳಗೆ ಫೇಸ್ ಜೀವಂತ. ಅದಕ್ಕೇ ಎರಡೂ ವೈರು ಕತ್ತರಿಸುವ ಡಬಲ್ ಪೋಲ್ ಸ್ವಿಚ್ ಇರುವುದನ್ನೇ ಹುಡುಕಿದೆ. ಸ್ವಿಚ್ಚಿನ ಹಿಂದೆ ನಾಲ್ಕು ಟ್ಯಾಗ್ ಇರುತ್ತವೆ. ಹೆಚ್ಚಿನವುಗಳಲ್ಲಿ ಪಿನ್ನಿಗೂ ಸ್ವಿಚ್ಚಿಗೂ ಒಳಗೆ ಜೋಡಣೆ ಇರುವುದಿಲ್ಲ, ಚಿಕ್ಕ ವೈರುಗಳನ್ನು ನಾವೇ ಹಾಕಬೇಕು. ಮೀಟರ್ ಹಿಡಿದು ಯಾವುದು ಎಲ್ಲಿಗೆ ಅಂತ ನೋಡಿಕೊಂಡೇ ಹಾಕಿ.

ಸ್ವಿಚ್ಚನ್ನು ಮುಂದಿನ ಪ್ಯಾನಲ್ಲಿಗೆ ಒಯ್ಯಲಿಲ್ಲ. ಹಾಗೆ ಮಾಡಿದ್ದರೆ 230 ವೋಲ್ಟಿನ ವೈರು ಆಡಿಯೋ ಇನ್‌ಪುಟ್ ಪಕ್ಕದಲ್ಲೇ ಹಾದುಹೋಗಬೇಕಿತ್ತು. ಈಗ ಎಲ್ಲವೂ ಹಿಂದಿನ ಒಂದು ಮೂಲೆಯಲ್ಲಿ ಮುಗಿಯುತ್ತದೆ.

ಕರೆಂಟಿನ ಜೊತೆ ಬರುವ ಗಲಾಟೆಯನ್ನು ಸೋಸುವ ಫಿಲ್ಟರ್ ಇರುವ ಸಾಕೆಟ್ಟೂ ಸಿಗುತ್ತದೆ, ತಗಡಿನ ಡಬ್ಬಿ ಅಂಟಿಕೊಂಡಿರುತ್ತದಲ್ಲ, ಅದು. ಬಹಳ ಜನ ಒಳ್ಳೆಯದೇ ಅಂತ ಹಾಕುತ್ತಾರೆ. ನಾನು ಬೇಡ ಅಂದೆ. ಅದರೊಳಗೆ ಫೇಸ್‌ನಿಂದ ಆಂಪ್ಲಿಫೈಯರ್ ಡಬ್ಬಿಗೆ ಒಂದು, ನ್ಯೂಟ್ರಲ್‌ನಿಂದ ಡಬ್ಬಿಗೆ ಒಂದು ಅಂತ ಚಿಕ್ಕ ವೈ ಕೆಪಾಸಿಟರ್‌ಗಳಿರುತ್ತವೆ. 2.2 ನ್ಯಾನೊಫ್ಯಾರಡ್ ಇದ್ದರೆ 230 ವೋಲ್ಟಿಗೆ ಸುಮಾರು 0.16 ಮಿಲಿಆಂಪಿಯರ್ ಸೋರುತ್ತದೆ. ಅರ್ಥಿಂಗ್ ಸರಿ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅರ್ಥಿಂಗ್ ಇಲ್ಲದಿದ್ದರೆ? ಎರಡು ಕೆಪಾಸಿಟರುಗಳ ನಡುವೆ ಸಿಕ್ಕ ಡಬ್ಬಿ ಅರ್ಧ ವೋಲ್ಟೇಜಿಗೆ, ಅಂದರೆ 115ರ ಆಸುಪಾಸಿಗೆ ತೇಲುತ್ತದೆ. ಟೆಸ್ಟರ್ ಇಟ್ಟರೆ ಮಿಣುಕುತ್ತದೆ, ಬರಿಗಾಲಲ್ಲಿ ನಿಂತು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಮೂರು ತೂತಿನ ಸಾಕೆಟ್ ಇದ್ದು, ಹಿಂದೆ ಅರ್ಥ್ ವೈರೇ ಇಲ್ಲದ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ ಅಲ್ವಾ? ಫಿಲ್ಟರ್ ಬದಲು ಫೇಸ್-ನ್ಯೂಟ್ರಲ್ ನಡುವೆ 0.1 ಮೈಕ್ರೊಫ್ಯಾರಡ್‌ನ ಒಂದು ಎಕ್ಸ್2 (ಫೇಸ್-ನ್ಯೂಟ್ರಲ್ ನಡುವೆ ಹಾಕಲೆಂದೇ ಮಾಡಿದ) ಕೆಪಾಸಿಟರ್ ಹಾಕಿದೆ. ಅದಕ್ಕೂ ಡಬ್ಬಿಗೂ ಸಂಬಂಧ ಇಲ್ಲ.

ಫಿಲ್ಟರ್ ಇರಲಿ, ಬಿಡಲಿ, ಗೋಡೆಯ ಸಾಕೆಟ್ಟನ್ನು ಒಮ್ಮೆ ಅಳೆದು ನೋಡಿ. ಫೇಸ್-ನ್ಯೂಟ್ರಲ್ ಎಷ್ಟೋ, ಫೇಸ್-ಅರ್ಥ್ ಕೂಡ ಹೆಚ್ಚುಕಡಿಮೆ ಅಷ್ಟೇ ತೋರಿಸಬೇಕು. 90, 120 ಅಂತ ಅಲೆದಾಡಿದರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಆಂಪ್ಲಿಫೈಯರ್ ಆಮೇಲೆ.

ಇನ್ನು ಕೂರಿಸುವ ಕೆಲಸ. ಒತ್ತಿದರೆ ಟಕ್ ಅಂತ ಕೂರುವ ಬಗೆಯದು ಒಂದು ಗೊತ್ತಾದ ದಪ್ಪದ ತಗಡಿಗೆ ಮಾತ್ರ ಹೊಂದುತ್ತದೆ. ಸ್ವಲ್ಪ ಹೆಚ್ಚುಕಮ್ಮಿ ಆದರೂ ಕೇಬಲ್ ಕೀಳುವಾಗ ಸಾಕೆಟ್ಟೇ ಕೈಗೆ ಬರುತ್ತದೆ. ಅದಕ್ಕೇ ಸ್ಕ್ರೂ ಹಾಕುವಂಥದ್ದು. ತೂತಿಗೆ ಮೂಲೆಗಳಲ್ಲಿ ಡ್ರಿಲ್ ಹೊಡೆದು, ಒಳಗೆ ಕತ್ತರಿಸಿ, ಉಳಿದದ್ದನ್ನು ಅರದಿಂದ ಉಜ್ಜಿದೆ. ನಿಧಾನದ ಕೆಲಸ. ಟ್ಯಾಗುಗಳಿಗೆ ಬೆಸುಗೆ ಹಾಕಲಿಲ್ಲ, ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ಅಲ್ಲಾಡುತ್ತದೆ. ಚಪ್ಪಟೆ ಲಗ್ ಕ್ರಿಂಪ್ ಮಾಡಿ ಮೇಲೆ ಸ್ಲೀವ್ ಎಳೆದೆ.

ಅರ್ಥ್ ವೈರು ಸಾಕೆಟ್ಟಿನಿಂದ ನೇರವಾಗಿ ಡಬ್ಬಿಯ ಒಂದು ಪ್ರತ್ಯೇಕ ಬೋಲ್ಟಿಗೆ ಹೋಗುತ್ತದೆ. ಅದು ಟ್ರಾನ್ಸ್‌ಫಾರ್ಮರ್ ಹಿಡಿದ ಬೋಲ್ಟ್ ಅಲ್ಲ. ಆ ಜಾಗದಲ್ಲಿ ಬಣ್ಣ ಕೆರೆದು, ಹಲ್ಲಿರುವ ವಾಷರ್ ಹಾಕಿ ಬಿಗಿದೆ. ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಬರಿಗಣ್ಣಿಗೆ ಲೋಹದ ಹಾಗೇ ಕಾಣುತ್ತದೆ, ಆದರೆ ಆ ಪದರ ಕರೆಂಟ್ ಹರಿಸುವುದಿಲ್ಲ. ಆಮೇಲೆ ಕೇಬಲ್ ಸಿಕ್ಕಿಸಿ, ಪ್ಲಗ್ಗಿನ ದಪ್ಪ ಪಿನ್ನಿನಿಂದ (ಅದೇ ಅರ್ಥ್) ಡಬ್ಬಿಯ ಪ್ರತಿ ಫಲಕಕ್ಕೂ ಓಮ್ ಅಳೆದೆ. ಮೀಟರಿನ ವೈರುಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಕಳೆದರೆ ಸೊನ್ನೆಯ ಹತ್ತಿರ ಇರಬೇಕು.

ಕೇಬಲ್ಲನ್ನೂ ಇದೇ ರೀತಿ ನೋಡಿ. ಅಗ್ಗದ ಕೆಲವು ಕೇಬಲ್ಲುಗಳಲ್ಲಿ ಮೂರು ಪಿನ್ ಇದ್ದರೂ ಒಳಗೆ ಎರಡೇ ವೈರು! ಅಂಗಡಿಗೆ ಮೀಟರ್ ತೆಗೆದುಕೊಂಡು ಹೋದರೆ ಯಾರೂ ಬೈಯುವುದಿಲ್ಲ.

ಸ್ಪೀಕರಿನಲ್ಲಿ ಹಮ್, ಅಂದರೆ ಗುಂಯ್ ಅನ್ನುವ ಸದ್ದು, ಬಂದರೆ ಅರ್ಥ್ ಪಿನ್ ಕತ್ತರಿಸಿ ಅನ್ನುವ ಸಲಹೆ ಎಲ್ಲಾ ಕಡೆ ಸಿಗುತ್ತದೆ. ದಯವಿಟ್ಟು ಬೇಡ. ಡಬ್ಬಿಯ ಅರ್ಥ್ ಹಾಗೇ ಇರಲಿ. ಆಡಿಯೋ ಗ್ರೌಂಡ್ ಮತ್ತು ಡಬ್ಬಿಯ ನಡುವೆ 10 ಓಮಿನ ರೆಸಿಸ್ಟರ್, ಅದಕ್ಕೆ ಸಮಾನಾಂತರವಾಗಿ 35 ಆಂಪಿಯರಿನ ಬ್ರಿಜ್ ರೆಕ್ಟಿಫೈಯರ್ ಹಾಕಿದೆ, ಬ್ರಿಜ್ಜಿನ ಪ್ಲಸ್-ಮೈನಸ್ ಒಟ್ಟಿಗೆ ಸೇರಿಸಿ. ಹಮ್ ನಿಂತಿತು.

ಫ್ಯೂಸ್ 2 ಆಂಪಿಯರ್, ಸ್ಲೋ ಬ್ಲೋ, ಅಂದರೆ ಕ್ಷಣಮಾತ್ರದ ಹೊಡೆತಕ್ಕೆ ಹೋಗದೆ ನಿಧಾನಕ್ಕೆ ಹೋಗುವಂಥದ್ದು. ಗಾಜಿನ ಫ್ಯೂಸಿನ ಲೋಹದ ಟೋಪಿ ಮೇಲೆ ಟಿ ಅಂತ ಕೊರೆದಿರುತ್ತದೆ. ಎಫ್ (ತಟ್ಟನೆ ಹೋಗುವ ಬಗೆ) ಅಂತ ಇರುವುದು ಹಾಕಿದರೆ ಟೊರಾಯ್ಡ್ ಆನ್ ಆಗುವ ಕ್ಷಣದ ಹೊಡೆತಕ್ಕೇ ಹೋಗಿಬಿಡಬಹುದು. ಬ್ರಿಟನ್ನಿನ ಪ್ಲಗ್ಗಿನ ಹಾಗೆ ನಮ್ಮ ಪ್ಲಗ್ಗಿನಲ್ಲಿ ಫ್ಯೂಸ್ ಇರುವುದಿಲ್ಲ, ಆದ್ದರಿಂದ ಎಂಸಿಬಿಗಿಂತ ಮುಂಚೆ ಇರುವುದು ಇದೊಂದೇ. ಮೊದಲ ಸಲ ಕರೆಂಟ್ ಕೊಟ್ಟಿದ್ದು 100 ವ್ಯಾಟಿನ ಹಳೇ ಬಲ್ಬನ್ನು ಸೀರೀಸ್‌ನಲ್ಲಿಟ್ಟು. ಒಮ್ಮೆ ಜೋರಾಗಿ ಹೊತ್ತಿ ಮಂದವಾಯಿತು, ಅಂದರೆ ಶಾರ್ಟ್ ಇಲ್ಲ. ಸಾಕೆಟ್ ಪಕ್ಕದಲ್ಲಿ "ಟಿ 2 ಆಂಪಿಯರ್, 250 ವೋಲ್ಟ್" ಅಂತ ಮಾರ್ಕರ್‌ನಲ್ಲಿ ಬರೆದಿದ್ದೇನೆ. ಇಲ್ಲದಿದ್ದರೆ ನಾಳೆ ಯಾರಾದರೂ ಅಲ್ಲಿ ತಾಮ್ರದ ಎಳೆ ಸುತ್ತಿಬಿಡುತ್ತಾರೆ.