ಕಳ್ಳಿ ತಂದ ದಿನ ನೀರು ಹಾಕಬೇಡಿ

ಪಕ್ಕದ ಮನೆಯವರು ಹೋದ ವರ್ಷ ಆರು ಕ್ಯಾಕ್ಟಸ್ ತಂದರು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಉಳಿದಿತ್ತು. "ವಾರಕ್ಕೆ ಒಂದೇ ಚಮಚ ನೀರು ಹಾಕ್ತಿದ್ದೆ ಕಣ್ರೀ, ಆದ್ರೂ ಕೊಳೆತು ಹೋಯ್ತು" ಅಂತ ತುಂಬಾ ಬೇಜಾರು ಮಾಡಿಕೊಂಡರು. ಸತ್ತ ಒಂದು ಗಿಡವನ್ನು ಕುಂಡದಿಂದ ಎತ್ತಿ ನೋಡಿದೆ. ಬುಡದಲ್ಲಿ ನರ್ಸರಿಯ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಗೇ ಉಂಡೆಯಾಗಿ ಕೂತಿತ್ತು, ಒಳಗೆ ಒಂದು ಬೇರೂ ಇರಲಿಲ್ಲ. ಗಿಡವನ್ನು ಕೊಂದದ್ದು ಆ ಉಂಡೆ. ಇದನ್ನೇ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಅದಕ್ಕೇ ಈ ಲೇಖನದಲ್ಲಿ ಬೇರಿನ ಕೆಲಸದ ಬಗ್ಗೆ ಜಾಸ್ತಿ ಹೇಳುತ್ತೇನೆ, ಉಳಿದದ್ದು ಬೇಗ ಮುಗಿಯುತ್ತದೆ.

ಮೊದಲು ಗುರುತು ಹಿಡಿಯಿರಿ

ನಮ್ಮ ಭಾಷೆಯಲ್ಲಿ ಒಂದು ತೊಡಕಿದೆ. ಹೊಲದ ಬೇಲಿಯಲ್ಲಿ ನಿಂತಿರುವ, ಮುರಿದರೆ ಹಾಲು ಸುರಿಯುವ ಗಿಡವೂ ನಮಗೆ ಕಳ್ಳಿಯೇ, ಪಾಪಸುಕಳ್ಳಿಯೂ ಕಳ್ಳಿಯೇ. ಆದರೆ ಬೇಲಿಯದು ಯೂಫೋರ್ಬಿಯಾ, ಬೇರೆಯೇ ಕುಟುಂಬ. ಪಾಪಸುಕಳ್ಳಿ ನಿಜವಾದ ಕ್ಯಾಕ್ಟಸ್, ಅಮೆರಿಕದ ಕಡೆಯಿಂದ ಬಂದದ್ದು. ರಿಪ್ಸಾಲಿಸ್ ಬ್ಯಾಸಿಫೆರಾ ಅನ್ನುವ ಒಂದೇ ಜಾತಿ ಆಫ್ರಿಕಾ, ಶ್ರೀಲಂಕಾಗಳಲ್ಲೂ ತಾನಾಗಿ ಬೆಳೆಯುತ್ತದೆ. ಅದೊಂದನ್ನು ಬಿಟ್ಟರೆ ಇಡೀ ಕುಟುಂಬದ ತವರು ಅಮೆರಿಕ ಖಂಡಗಳೇ.

ವ್ಯತ್ಯಾಸ ತಿಳಿಯಲು ಮುಳ್ಳಿನ ಬುಡ ನೋಡಿ. ಕ್ಯಾಕ್ಟಸ್‌ನಲ್ಲಿ ಅಲ್ಲೊಂದು ಪುಟ್ಟ ಮೆತ್ತೆ ಇರುತ್ತದೆ, ಉಣ್ಣೆ ಅಂಟಿಸಿದ ಚುಕ್ಕಿಯ ಹಾಗೆ. ಅದಕ್ಕೆ ಅರಿಯೋಲ್ ಅಂತ ಹೆಸರು. ಮುಳ್ಳು, ಹೂವು, ಹೊಸ ಕವಲು ಎಲ್ಲಾ ಹುಟ್ಟುವುದು ಸಾಮಾನ್ಯವಾಗಿ ಅಲ್ಲಿಂದಲೇ. ಯೂಫೋರ್ಬಿಯಾದಲ್ಲಿ ಮುಳ್ಳುಗಳು ಹೆಚ್ಚಾಗಿ ಜೋಡಿ ಜೋಡಿಯಾಗಿರುತ್ತವೆ, ಮೆತ್ತೆ ಇರುವುದಿಲ್ಲ. ಹಾಲು ಬಂತು ಅಂದ ಮಾತ್ರಕ್ಕೆ ಕ್ಯಾಕ್ಟಸ್ ಅಲ್ಲ ಅಂತ ತೀರ್ಮಾನ ಮಾಡಬೇಡಿ, ಮ್ಯಾಮಿಲೇರಿಯಾದ ಕೆಲವು ಜಾತಿಗಳಲ್ಲೂ ಹಾಲು ಬರುತ್ತದೆ. ಯೂಫೋರ್ಬಿಯಾದ ಹಾಲು ಮಾತ್ರ ಕಣ್ಣಿಗೆ ಬೀಳಬಾರದು, ಅಪಾಯ.

ಇನ್ನೊಂದು ವಿಷಯ. ನಮ್ಮ ಮನೆಗಳಲ್ಲಿ ರಾತ್ರಿ ಅರಳುವ, ಅಕ್ಕಪಕ್ಕದವರನ್ನೆಲ್ಲಾ ಕರೆದು ತೋರಿಸುವ ಬ್ರಹ್ಮಕಮಲ ಇದೆಯಲ್ಲ, ಅದೂ ಕ್ಯಾಕ್ಟಸ್ಸೇ. ಎಪಿಫಿಲಮ್ ಆಕ್ಸಿಪೆಟಾಲಮ್. ಹಿಮಾಲಯದ ಬ್ರಹ್ಮಕಮಲ ಬೇರೆ ಗಿಡ. ನಮ್ಮದು ಮರದ ಮೇಲೆ ಬೆಳೆಯುವ ಜಾತಿ, ಅದಕ್ಕೆ ನೆರಳು ಬೇಕು, ತೇವವೂ ಬೇಕು. ಮುಂದೆ ಹೇಳುವುದು ಅದಕ್ಕಲ್ಲ, ಮುಳ್ಳಿನ ಉರುಟು ಗಿಡಗಳಿಗೆ.

ಶುರುವಿಗೆ ಮೂರು ಸಾಕು. ಏಣುಗಳಿಲ್ಲದೆ (ಮೇಲಿನಿಂದ ಕೆಳಗಿಳಿಯುವ ಉದ್ದ ದಿಣ್ಣೆಗೆ ಏಣು ಅಂತೇವೆ) ಮೈಯೆಲ್ಲಾ ಪುಟ್ಟ ಪುಟ್ಟ ಉಬ್ಬುಗಳಿದ್ದು, ನೆತ್ತಿಯ ಸುತ್ತ ಪುಟ್ಟ ಹೂಗಳ ಬಳೆ ತೊಟ್ಟರೆ ಅದು ಮ್ಯಾಮಿಲೇರಿಯಾ. ಮೊಗ್ಗಿನ ಮೇಲೆ ಮುಳ್ಳು, ಕೂದಲು ಏನೂ ಇಲ್ಲದೆ ನುಣ್ಣಗಿದ್ದರೆ ಜಿಮ್ನೋಕ್ಯಾಲಿಸಿಯಮ್. ಏಣುಗಳಿದ್ದು, ಸುತ್ತ ಮರಿ ಹಾಕಿ, ಉದ್ದ ಕೊಳವೆಯ ಹೂವನ್ನು ಸಂಜೆ ಬಿಚ್ಚಿದರೆ ಎಕಿನಾಪ್ಸಿಸ್. ಮೂರೂ ಸಣ್ಣ ಕುಂಡದಲ್ಲೇ ಹೂ ಬಿಡುತ್ತವೆ. ಗೋಲ್ಡನ್ ಬ್ಯಾರೆಲ್ ನೋಡಲು ಚೆಂದ, ಆದರೆ ಹೂವಿಗೆ ವರ್ಷಗಟ್ಟಲೆ ಕಾಯಬೇಕು. ಮೊಲದ ಕಿವಿಯಂಥ ಒಪಂಷಿಯಾ ಮಕ್ಕಳಿರುವ ಮನೆಗೆ ಬೇಡ. ಅದರ ಸೂಕ್ಷ್ಮ ಮುಳ್ಳು ಕಣ್ಣಿಗೂ ಕಾಣುವುದಿಲ್ಲ. ಚುಚ್ಚಿದರೆ ಫೆವಿಕಾಲ್ ಹಚ್ಚಿ ಒಣಗಿಸಿ ಸುಲಿಯಿರಿ, ಬಹಳಷ್ಟು ಹೊರಗೆ ಬರುತ್ತವೆ.

ಕೊಳ್ಳುವಾಗ

ತಲೆ ಮೇಲೆ ಕೆಂಪು ಅಥವಾ ಹಳದಿ ಚೆಂಡು ಇರುವ ಗಿಡ ತರಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕೆಂಪು ಚೆಂಡಿನಲ್ಲಿ ಹಸಿರೇ ಇಲ್ಲ, ಕೆಳಗೆ ಕಸಿ ಕಟ್ಟಿದ ಡ್ರ್ಯಾಗನ್ ಫ್ರೂಟ್ ಜಾತಿಯ ಕಾಂಡವೇ ಅದಕ್ಕೆ ಊಟ ಹಾಕಬೇಕು. ಕೆಲವು ವರ್ಷಕ್ಕೆ ಎರಡೂ ಸೊರಗುತ್ತವೆ. ನೆತ್ತಿಯಲ್ಲಿ ಯಾವಾಗಲೂ ಅರಳಿರುವ ಹೂವಿದ್ದರೆ ಮೆಲ್ಲಗೆ ಎಳೆದು ನೋಡಿ. ಒಣಹೂವನ್ನು ಅಂಟಿನಿಂದ ಕೂರಿಸಿ ಮಾರುತ್ತಾರೆ, ಕಿತ್ತರೆ ನೆತ್ತಿಗೇ ಗಾಯ. ಕುಂಡದ ಮೇಲಿನ ಕಲ್ಲುಗಳನ್ನು ಗೋಂದು ಹಾಕಿ ಗಟ್ಟಿ ಮಾಡಿದ್ದರೆ ಅದನ್ನೂ ಬಿಡಿ. ಗಿಡದ ಬುಡ ಒತ್ತಿ ನೋಡಿ, ಮೆತ್ತಗಿದ್ದರೆ ವಾಪಸ್ ಇಡಿ.

ಮಿಶ್ರಣ

ಅಂಗಡಿಯ "ಕ್ಯಾಕ್ಟಸ್ ಮಿಕ್ಸ್" ಪೊಟ್ಟಣಗಳನ್ನು ಬಿಚ್ಚಿ ನೋಡಿದ್ದೇನೆ. ಬಹಳಷ್ಟರಲ್ಲಿ ಕೋಕೋಪೀಟ್‌ಗೆ ಒಂದು ಹಿಡಿ ಪರ್ಲೈಟ್ (ಬಿಳಿ, ಹಗುರ ಕಲ್ಲಿನ ಹರಳು) ಬೆರೆಸಿರುತ್ತಾರೆ ಅಷ್ಟೇ. ದುಡ್ಡು ಉಳಿಸಿಕೊಳ್ಳಿ. ಏಳು ಪಾಲು ಕಲ್ಲು, ಮೂರು ಪಾಲು ಗೊಬ್ಬರ, ಇದು ನನ್ನ ಲೆಕ್ಕ. ಕಲ್ಲು ಅಂದರೆ 3ರಿಂದ 5 ಮಿಲಿಮೀಟರ್ ಗಾತ್ರದ್ದು. ಪ್ಯೂಮಿಸ್ (ತೂತು ತೂತಾದ ಹಗುರ ಜ್ವಾಲಾಮುಖಿ ಕಲ್ಲು) ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಕುಟ್ಟಿದ ಇಟ್ಟಿಗೆ ಚೂರು, ದಪ್ಪ ಮರಳು. ಎಂ-ಸ್ಯಾಂಡ್ ಹಾಕುವುದಾದರೆ ಜರಡಿ ಹಿಡಿದು ದೂಳು ಬಿಸಾಡಿ, ಆಮೇಲೆ ತೊಳೆಯಿರಿ. ಆ ದೂಳು ಕುಂಡದಲ್ಲಿ ಸಿಮೆಂಟಿನ ಹಾಗೆ ಕೂತುಬಿಡುತ್ತದೆ. ಗೊಬ್ಬರಕ್ಕೆ ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ಎರೆಗೊಬ್ಬರ ಸಾಕು. ಮಂಗಳೂರು, ಕಾರವಾರದ ಕಡೆಯವರು ಗೊಬ್ಬರ ಒಂದೂವರೆ ಪಾಲಿಗಿಂತ ಜಾಸ್ತಿ ಹಾಕಬೇಡಿ.

ಬೇರು ಬಿಡಿಸುವುದು

ಎಲ್ಲರೂ ಎಡವುವುದು ಇಲ್ಲಿ. ನರ್ಸರಿಯವರಿಗೆ ಕೋಕೋಪೀಟ್ ಹಗುರ, ಸಾಗಿಸಲು ಸುಲಭ, ಅವರ ಕೆಲಸಕ್ಕೆ ಸರಿ. ನಮ್ಮ ಮನೆಯಲ್ಲಿ ಅದು ಪೂರ್ತಿ ಒಣಗಿದರೆ ನೀರನ್ನೇ ಒಳಗೆ ಬಿಡುವುದಿಲ್ಲ, ನೆನೆದರೆ ವಾರಗಟ್ಟಲೆ ಆರುವುದಿಲ್ಲ. ಸುತ್ತ ಎಷ್ಟೇ ಒಳ್ಳೆಯ ಮಿಶ್ರಣ ಹಾಕಿ, ನಡುವೆ ಆ ಉಂಡೆ ಇದ್ದರೆ ಬೇರಿಗೆ ಸಿಗುವುದು ಆ ಉಂಡೆ ಮಾತ್ರ.

ಗಿಡ ತಂದ ಮೇಲೆ ಒಂದು ವಾರ ನೀರು ಹಾಕದೆ ನೆರಳಲ್ಲಿಡಿ. ಉಂಡೆ ಒಣಗಲಿ. ಹಳೆಯ ಪೇಪರನ್ನು ನಾಲ್ಕು ಮಡಿಕೆ ಮಾಡಿ ಗಿಡದ ಸೊಂಟಕ್ಕೆ ಪಟ್ಟಿಯಂತೆ ಸುತ್ತಿ ಹಿಡಿದುಕೊಳ್ಳಿ, ಕೈಗವಸಿಗಿಂತ ಇದೇ ವಾಸಿ. ಪ್ಲಾಸ್ಟಿಕ್ ಕುಂಡವನ್ನು ಹಿಸುಕಿ ಸಡಿಲ ಮಾಡಿ ಎತ್ತಿ. ಉಂಡೆಯನ್ನು ಕೆಳಗಿನಿಂದ ಮೇಲಕ್ಕೆ ಬೆರಳಲ್ಲಿ ಪುಡಿ ಮಾಡುತ್ತಾ ಬನ್ನಿ, ಬುಡದ ಹತ್ತಿರ ಅಗರಬತ್ತಿಯ ಕಡ್ಡಿಯಿಂದ ಕೆದಕಿ. ಅವಸರ ಬೇಡ, ಒಂದು ಗಿಡಕ್ಕೆ ಕಾಲು ಗಂಟೆ ಹಿಡಿಯಲಿ. ಕೆಲವು ಸಲ ಒಳಗೆ ಬಲೆಯ ಚೀಲವೋ ಸ್ಪಂಜಿನ ತುಂಡೋ ಬೇರಿಗೆ ಸುತ್ತಿಕೊಂಡಿರುತ್ತದೆ, ಅದನ್ನು ಕತ್ತರಿಸಿ ತೆಗೆಯಲೇಬೇಕು. ಎಷ್ಟು ಮಾಡಿದರೂ ಬಿಡದ ಪುಡಿ ಇದ್ದರೆ ಬೇರನ್ನು ನೀರಲ್ಲಿ ಅಲ್ಲಾಡಿಸಿ ತೊಳೆಯಿರಿ. ಹಾಗೆ ತೊಳೆದರೆ ಒಣಗಿಸುವ ದಿನ ಜಾಸ್ತಿ ಕೊಡಬೇಕು, ಮರೆಯಬೇಡಿ.

ಈಗ ಬೇರು ನೋಡಿ. ಬಿಳಿ, ತಿಳಿ ಕಂದು, ಎಳೆದರೆ ಗಟ್ಟಿ ಇದ್ದರೆ ಆರೋಗ್ಯ. ಕಪ್ಪಾಗಿ ಸಿಪ್ಪೆ ಕಳಚುವಂತಿದ್ದರೆ ಕತ್ತರಿಸಿ. ಬೇರಿನ ಸಂದಿಯಲ್ಲಿ ಬಿಳಿ ಹಿಟ್ಟು ಉದುರಿಸಿದ ಹಾಗಿದ್ದರೆ ಅದು ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಬ್ರಷ್ಷಿನಿಂದ ಒರೆಸಿ ತೆಗೆಯಿರಿ. (ಹೊಲದ ಪಾಪಸುಕಳ್ಳಿಯ ಮೇಲೆ ಹತ್ತಿಯ ಹಾಗೆ ಕಾಣುವುದು ಬೇರೆ ಹುಳ, ಹಿಸುಕಿದರೆ ಕಡುಗೆಂಪು ಬಣ್ಣ ಬರುತ್ತದೆ. ಪಾಪಸುಕಳ್ಳಿ ಜಮೀನುಗಳನ್ನೇ ನುಂಗುತ್ತಿದ್ದಾಗ ಅದನ್ನು ಹತೋಟಿಗೆ ತರಲು 1926ರಲ್ಲಿ ಶ್ರೀಲಂಕಾದಿಂದ ತಂದು ಬಿಟ್ಟ ಹುಳ ಅದು.)

ಬರಿ ಬೇರಿನ ಗಿಡವನ್ನು ಪೇಪರ್ ಮೇಲೆ ನೆರಳಲ್ಲಿ ಐದು ದಿನ ಬಿಡಿ, ಬೇರು ತೊಳೆದಿದ್ದರೆ ಎಂಟು ದಿನ. ಒಣಗಿ ಸತ್ತೇ ಹೋಗುತ್ತದೆ ಅಂತ ಜನ ಹೆದರುತ್ತಾರೆ. ಆ ದಪ್ಪ ಮೈ ಪೂರ್ತಿ ನೀರೇ ಅಲ್ವಾ, ತಿಂಗಳಾದರೂ ಸಾಯುವುದಿಲ್ಲ. ಬೇರು ಕಿತ್ತಾಗ ಆದ ಸಣ್ಣ ಗಾಯಗಳು ಒಣಗಬೇಕು. ಹಸಿ ಗಾಯಕ್ಕೆ ನೀರು ತಾಗಿದರೆ ಕೊಳೆ ಅಲ್ಲಿಂದ ಹತ್ತುತ್ತದೆ.

ಆಮೇಲೆ ಒಣ ಮಿಶ್ರಣದಲ್ಲೇ ನೆಡಿ. ನೆಟ್ಟು ಮತ್ತೊಂದು ವಾರ ನೀರಿಲ್ಲ. ಈ ವಾರವನ್ನು ಕಾಯಲಾಗದೆ ಗಿಡ ಕಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಕುಂಡ ಮಣ್ಣಿನದಿರಲಿ, ಗಿಡಕ್ಕಿಂತ ಒಂದು ಬೆರಳು ಅಗಲ ಸಾಕು, ತಳದಲ್ಲಿ ತೂತು ಇರಲೇಬೇಕು.

ನೀರು, ಬಿಸಿಲು

ಚಮಚದ ಲೆಕ್ಕ ಬಿಡಿ. ಹಾಕುವಾಗ ತಳದಿಂದ ಹರಿಯುವಷ್ಟು ಹಾಕಿ, ಆಮೇಲೆ ಪೂರ್ತಿ ಒಣಗುವ ತನಕ ಮುಟ್ಟಬೇಡಿ. ತಳದ ತೂತಿನಿಂದ ಅಗರಬತ್ತಿ ಕಡ್ಡಿ ಚುಚ್ಚಿ ತೆಗೆಯಿರಿ, ತಂಪು ತಗುಲಿದರೆ ಇನ್ನೂ ಕಾಯಿರಿ. ಬೆಂಗಳೂರಿನಲ್ಲಿ ನಾನು ಮಾರ್ಚ್‌ನಿಂದ ಮೇವರೆಗೆ ಎಂಟು ದಿನಕ್ಕೊಮ್ಮೆ ಹಾಕುತ್ತೇನೆ, ಡಿಸೆಂಬರ್, ಜನವರಿಯಲ್ಲಿ ತಿಂಗಳಿಗೊಮ್ಮೆ ಸ್ವಲ್ಪ. ಚಳಿಯಲ್ಲಿ ಒಣಗಿದ್ದು ವಿಶ್ರಾಂತಿ ಸಿಕ್ಕರೆ ಮ್ಯಾಮಿಲೇರಿಯಾ ಚೆನ್ನಾಗಿ ಮೊಗ್ಗು ಕಟ್ಟುತ್ತದೆ. ಜೂನ್‌ನಿಂದ ಅಕ್ಟೋಬರ್ ತನಕ ಮಳೆ ಬೀಳದ ಜಾಗದಲ್ಲಿಡಿ, ಮೇಲೆ ಪಾರದರ್ಶಕ ಶೀಟು ಹಾಕಿದರೂ ಆಯ್ತು, ಆದರೆ ನಾಲ್ಕೂ ಕಡೆ ಗಾಳಿ ಆಡಬೇಕು.

ಬೆಳಗಿನ ಬಿಸಿಲು ನಾಲ್ಕು ಗಂಟೆಯಾದರೂ ಬೇಕು. ಟಿವಿ ಪಕ್ಕದ ಕ್ಯಾಕ್ಟಸ್ ಮೇಣದಬತ್ತಿಯ ಹಾಗೆ ಉದ್ದವಾಗುತ್ತದೆ, ಮತ್ತೆ ಉರುಟಾಗುವುದಿಲ್ಲ. ಹಾಗಂತ ನರ್ಸರಿಯ ನೆರಳಲ್ಲಿ ಬೆಳೆದದ್ದನ್ನು ಏಪ್ರಿಲ್‌ನಲ್ಲಿ ನೇರ ಟೆರೇಸಿಗೆ ಇಟ್ಟರೆ ಮೈ ಸುಟ್ಟು ಬಿಳಿ ಕಲೆ ಬೀಳುತ್ತದೆ, ಆ ಕಲೆಯೂ ಹೋಗುವುದಿಲ್ಲ. ಎರಡು ಮೂರು ವಾರ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸಿ.

ಇಷ್ಟಾದರೂ ಬುಡ ಕೊಳೆತರೆ ಗಿಡ ಬಿಸಾಡಬೇಡಿ. ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ ಅಡ್ಡ ಕೊಯ್ಯಿರಿ. ನಡುವಿನ ಉಂಗುರದಲ್ಲಿ ಕಂದು ಅಥವಾ ಕೇಸರಿ ಚುಕ್ಕಿ ಕಂಡರೆ ಇನ್ನೂ ಮೇಲೆ ಕೊಯ್ಯಿರಿ, ಪ್ರತಿ ಸಲ ಬ್ಲೇಡ್ ಒರೆಸಿ, ಪೂರ್ತಿ ಶುದ್ಧ ಹಸಿರು ಬರುವ ತನಕ. ಒಂದೇ ಒಂದು ಚುಕ್ಕಿ ಉಳಿದರೂ ಅದು ಮೇಲಕ್ಕೆ ಹತ್ತುತ್ತದೆ. ಉಳಿದ ತುಂಡನ್ನು ಎರಡು ವಾರ ಒಣಗಿಸಿ ಖಾಲಿ ಲೋಟದ ಬಾಯಿ ಮೇಲೆ ಕೂರಿಸಿಡಿ. ಕೊಯ್ದ ಜಾಗ ಚರ್ಮದ ಹಾಗೆ ಗಟ್ಟಿಯಾಗಿ ಒಳಕ್ಕೆ ಸರಿಯುತ್ತದೆ. ಆಮೇಲೆ ದಿನಾ ಕೆಳಗಿನಿಂದ ಇಣುಕಿ ನೋಡುತ್ತಿರಿ. ನಡುವಿನ ಉಂಗುರದಲ್ಲಿ ಬಿಳಿ ಬೇರಿನ ತುದಿ ಕಂಡ ದಿನ ನೆಡಬಹುದು.