ಹೊರದೇಶದಲ್ಲಿ ಓದಬೇಕಾ? ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೀರಿ

ನನ್ನ ತಮ್ಮ ಕಳೆದ ಅಕ್ಟೋಬರಿನಲ್ಲಿ ಜರ್ಮನಿಯ ಕೆಮ್ನಿಟ್ಸ್‌ಗೆ ಮಾಸ್ಟರ್ಸ್ ಓದಲು ಹೋದ. ದಾವಣಗೆರೆಯ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಮುಗಿಸಿದವನು. ನಾನು ಇದೇ ಊರಿನ ಬ್ಯಾಂಕೊಂದರಲ್ಲಿ ಸಾಲದ ಫೈಲು ನೋಡುವವಳು. ಅವನ ಅರ್ಜಿ, ಸಾಲ, ವೀಸಾ ಎಲ್ಲವನ್ನೂ ನಾವಿಬ್ಬರೇ ಕೂತು ಮಾಡಿದೆವು. ಈಗ ವಾರಕ್ಕೆ ಒಬ್ಬರಾದರೂ ಕೌಂಟರ್ ಮುಂದೆ ನಿಂತು, "ಮೇಡಂ, ನಮ್ಮ ಹುಡುಗಿನೂ ಹೊರಗೆ ಓದ್ತೀನಿ ಅಂತಾಳೆ, ಯಾವ ದೇಶ ಒಳ್ಳೇದು?" ಅಂತ ಕೇಳುತ್ತಾರೆ. ದೇಶ ಆಮೇಲೆ. ಮೊದಲು ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದು ಹೆಸರು ನೋಡಿ ಅನ್ನುತ್ತೇನೆ.

ನಮ್ಮ ಕಡೆ ಹೆಸರಿನ ಜೊತೆ ಎರಡು ಇನಿಷಿಯಲ್ ಇರುತ್ತವೆ. ಒಂದು ಊರಿನದು, ಒಂದು ಅಪ್ಪನದು. ಅಂಕಪಟ್ಟಿಯಲ್ಲಿ ಅದು ಮುಂದೆ, ಆಧಾರ್‌ನಲ್ಲಿ ಹಿಂದೆ, ಕಾಲೇಜಿನ ದಾಖಲೆಯಲ್ಲಿ ಒಂದೇ ಒಂದು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಪೂರ್ತಿ ಬರೆಯಬೇಕು. ತಮ್ಮನ ಮೂರು ಕಾಗದದಲ್ಲಿ ಮೂರು ಥರ ಹೆಸರಿತ್ತು. ಅಪ್ಪನ ಹೆಸರಿನ ಕೊನೆಯ ‘ಪ್ಪ’ಕ್ಕೆ ಒಂದು ಕಡೆ ಇಂಗ್ಲಿಷಿನ ಒಂದು ‘ಪಿ’, ಇನ್ನೊಂದು ಕಡೆ ಎರಡು. ಮೊದಲು ಆಧಾರ್ ಸರಿ ಮಾಡಿಸಿದೆವು. ಆಮೇಲೆ ಪಾಸ್‌ಪೋರ್ಟ್. ಉಳಿದ ವ್ಯತ್ಯಾಸಕ್ಕೆ, ಈ ಎರಡೂ ಹೆಸರಿನ ವ್ಯಕ್ತಿ ಒಬ್ಬನೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿಟ್ಟೆವು. ಈ ಕೆಲಸವನ್ನು ಐದನೇ ಸೆಮಿಸ್ಟರ್‌ನಲ್ಲೇ ಮುಗಿಸಿಕೊಳ್ಳಿ. ಪಾಸ್‌ಪೋರ್ಟ್‌ಗೆ ಬೆಂಗಳೂರಿಗೆ ಓಡಬೇಕಿಲ್ಲ, ದಾವಣಗೆರೆಯ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರ ಇದೆ. ಸಾಮಾನ್ಯ ಅರ್ಜಿಗೆ 1500 ರೂಪಾಯಿ.

ಈಗ ದೇಶದ ಮಾತು. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರ್‌ಗೆ ಕೆಲವು ನೂರು ಯೂರೋ ವಂತಿಗೆ ಅಷ್ಟೇ. ಆದರೆ ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1500 ಯೂರೋ ಇದೆ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರು ಮಾಡಿದೆ. ಇಂಗ್ಲಿಷಿನಲ್ಲಿ ಕಲಿಸುವ ಕೋರ್ಸ್‌ಗಳನ್ನೆಲ್ಲ ಡಿಎಎಡಿ ಅನ್ನುವ ಸಂಸ್ಥೆಯ ವೆಬ್‌ಸೈಟಿನಲ್ಲಿ ಹುಡುಕಬಹುದು, ದುಡ್ಡೇನೂ ಇಲ್ಲ.

ನಾವು ಮೊದಲು ಒಂದು ಕನ್ಸಲ್ಟೆನ್ಸಿಗೆ ಹೋಗಿದ್ದೆವು. ಅವರು ತೋರಿಸಿದ್ದು ಮೂರೂ ಖಾಸಗಿ ವಿಶ್ವವಿದ್ಯಾಲಯ, ಒಂದೊಂದಕ್ಕೂ ಲಕ್ಷಗಟ್ಟಲೆ ಶುಲ್ಕ. ಸರ್ಕಾರಿಯದರ ಹೆಸರೇ ಎತ್ತಲಿಲ್ಲ. ಮನೆಗೆ ಬಂದು ಡಿಎಎಡಿ ಪಟ್ಟಿ ತೆಗೆದಾಗ ತಮ್ಮನ ಅಂಕಕ್ಕೆ ಸರಿಹೊಂದುವ ಸರ್ಕಾರಿ ಕೋರ್ಸ್‌ಗಳು ಒಂಬತ್ತು ಸಿಕ್ಕವು. ಅದಕ್ಕೇ ಹೇಳುತ್ತೇನೆ, ಯಾರಿಗೂ ದುಡ್ಡು ಕೊಡುವ ಮೊದಲು ಎರಡು ಭಾನುವಾರ ನೀವೇ ಕೂತು ಹುಡುಕಿ.

ನಿಮ್ಮ ಅಂಕ ಅಲ್ಲಿ ಎಷ್ಟಕ್ಕೆ ಸಮ ಅಂತ ತಿಳಿಯಲು ಒಂದು ಲೆಕ್ಕ ಇದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು, ಗರಿಷ್ಠದಿಂದ ಪಾಸ್ ಅಂಕ ಕಳೆದು ಬಂದದ್ದರಿಂದ ಭಾಗಿಸಿ. ಮೂರರಿಂದ ಗುಣಿಸಿ ಒಂದು ಕೂಡಿ. ತಮ್ಮನ ಸಿಜಿಪಿಎ, ಅಂದರೆ ಇಡೀ ಡಿಗ್ರಿಯ ಸರಾಸರಿ ಅಂಕ, ಹತ್ತಕ್ಕೆ 7.6. ಹತ್ತರಲ್ಲಿ ಕಳೆದರೆ 2.4. ಪಾಸ್ ಅಂಕ 4 ಅಂತ ಹಿಡಿದರೆ ಆರರಿಂದ ಭಾಗಿಸಬೇಕು, 0.4. ಮೂರರಿಂದ ಗುಣಿಸಿ ಒಂದು ಕೂಡಿದರೆ 2.2. ಅಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸ್. ಎಷ್ಟೋ ಕೋರ್ಸ್‌ಗಳು 2.5ರ ಒಳಗೆ ಇರಬೇಕು ಅನ್ನುತ್ತವೆ. ಈ ಲೆಕ್ಕ ಮಾಡಿದ ದಿನ ಅವನ ಮುಖ ನೋಡಬೇಕಿತ್ತು.

ಜರ್ಮನಿಗೆ ಹೋಗುವ ಭಾರತದ ವಿದ್ಯಾರ್ಥಿಗಳಿಗೆ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯ. ನಿಮ್ಮ ಅಂಕಪಟ್ಟಿಗಳು ಅಸಲಿ ಅಂತ ಎಪಿಎಸ್ ಅನ್ನುವ ಜರ್ಮನ್ ಕಚೇರಿ ಪರೀಕ್ಷಿಸಿ ಕೊಡುವುದು. ಶುಲ್ಕ 18,000 ರೂಪಾಯಿ. ಇದು ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಟ್ರಾನ್ಸ್‌ಕ್ರಿಪ್ಟ್ ಅಂದರೆ ಎಲ್ಲ ಸೆಮಿಸ್ಟರ್‌ಗಳ ಅಂಕಗಳ ಅಧಿಕೃತ ದಾಖಲೆ, ನಮ್ಮ ಎಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯುನಿಂದ ಅದಕ್ಕೂ ಮೊದಲೇ ಅರ್ಜಿ ಹಾಕಿ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಅಂಕ ಎರಡು ವರ್ಷ ಮಾತ್ರ ನಡೆಯುತ್ತದೆ, ಹಾಗಾಗಿ ತೀರ ಬೇಗ ಬರೆದರೂ ಕಷ್ಟ. ನನ್ನ ತಮ್ಮ ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ದಿನಾ ರಾತ್ರಿ ಊಟ ಆದಮೇಲೆ ಅರ್ಧ ಗಂಟೆ ನನ್ನ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದ. ಮೂರು ತಿಂಗಳಲ್ಲಿ 6.5 ತೆಗೆದ. ಕನ್ನಡ ಮೀಡಿಯಂ ಅಂತ ಯಾರೂ ಹಿಂಜರಿಯಬೇಡಿ.

ಎಸ್‌ಒಪಿ ಅಂದರೆ ನಾನು ಈ ಕೋರ್ಸ್ ಯಾಕೆ ಓದಬೇಕು ಅನ್ನುವ ಪತ್ರ. ತಮ್ಮ ಮೊದಲು ಬರೆದದ್ದು, ಚಿಕ್ಕಂದಿನಿಂದಲೂ ನನಗೆ ವಿಜ್ಞಾನ ಅಂದರೆ ಆಸಕ್ತಿ ಅಂತ. ನಾನು ಹರಿದು ಹಾಕಿದೆ. ಮಲೇಬೆನ್ನೂರು ಹತ್ತಿರ ನಮ್ಮದು ಮೂರು ಎಕರೆ ಗದ್ದೆ. ನಾಲೆ ನೀರು ನಿಂತಾಗ ಬೋರ್‌ವೆಲ್ಲೇ ಗತಿ. ವೋಲ್ಟೇಜ್ ಇಳಿದು ಮೋಟರ್ ಸುಟ್ಟಾಗೆಲ್ಲ ಅವನೇ ಬೈಕಿನ ಹಿಂದೆ ಕಟ್ಟಿಕೊಂಡು ವೈಂಡಿಂಗ್ ಅಂಗಡಿಗೆ ಹೋಗುತ್ತಿದ್ದ. ಸುಟ್ಟ ತಾಮ್ರದ ತಂತಿ ಬಿಚ್ಚುವಾಗ ಪಕ್ಕದಲ್ಲೇ ಕೂತು ಸುತ್ತು ಎಣಿಸುತ್ತಿದ್ದ. "ಇದನ್ನೇ ಬರಿ" ಅಂದೆ. "ಇದೆಲ್ಲ ಬರೀತಾರೇನಕ್ಕ?" ಅಂದ. ಬರೆದ. ಪವರ್ ಎಲೆಕ್ಟ್ರಾನಿಕ್ಸ್ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಕಾರಣ ಬೇಕಾ?

ದುಡ್ಡಿನ ವಿಷಯಕ್ಕೆ ಬರುತ್ತೇನೆ. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು, ನಮ್ಮ ಲೆಕ್ಕದಲ್ಲಿ ಸುಮಾರು 12 ಲಕ್ಷ. ಇದನ್ನು ಫೀಸು ಅಂದುಕೊಂಡು ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ. ಅದು ನಿಮ್ಮದೇ ದುಡ್ಡು, ಅಲ್ಲಿಗೆ ಹೋದಮೇಲೆ ತಿಂಗಳಿಗೆ 992 ಯೂರೋ ನಿಮ್ಮ ಕೈಗೇ ಬರುತ್ತದೆ, ಊಟ ಬಾಡಿಗೆಗೆ. ಇದಕ್ಕೂ ಶಿಕ್ಷಣ ಸಾಲ ಸಿಗುತ್ತದೆ.

ಸಾಮಾನ್ಯವಾಗಿ ಬ್ಯಾಂಕುಗಳು 7.5 ಲಕ್ಷದವರೆಗೆ ಆಸ್ತಿ ಅಡ ಕೇಳುವುದಿಲ್ಲ. ಅದಕ್ಕಿಂತ ಜಾಸ್ತಿಯಾದರೆ ಬೇಕು. ಹೊಲ ಗದ್ದೆ ಇದೆಯಲ್ಲ ಅಂತ ಧೈರ್ಯವಾಗಿರಬೇಡಿ, ಕೃಷಿ ಜಮೀನನ್ನು ಇದಕ್ಕೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಮನೆ ಅಥವಾ ಸೈಟು ಬೇಕು. ನಮ್ಮ ನಿಟುವಳ್ಳಿ ಮನೆಯ ಖಾತೆ ಇನ್ನೂ ತಾತನ ಹೆಸರಿನಲ್ಲೇ ಇತ್ತು. ವಂಶವೃಕ್ಷ ಮಾಡಿಸಿ, ಇಬ್ಬರು ಅತ್ತೆಯರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡು, ಅಪ್ಪನ ಹೆಸರಿಗೆ ಇ-ಖಾತಾ ಆಗುವಷ್ಟರಲ್ಲಿ ನಾಲ್ಕು ತಿಂಗಳು. ಬ್ಯಾಂಕಿನಲ್ಲೇ ಇದ್ದೂ ನಾನು ಮನೆ ಕಾಗದ ಬಿಚ್ಚಿ ನೋಡಿರಲಿಲ್ಲ. ನೀವು ಇವತ್ತೇ ನೋಡಿ. ಸಾಲದ ಕಂತು, ಕೋರ್ಸ್ ಮುಗಿದು ಒಂದು ವರ್ಷದ ನಂತರ ಶುರುವಾಗುತ್ತದೆ, ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಆದಷ್ಟು ಬಡ್ಡಿಯನ್ನು ಆಗಾಗಲೇ ಕಟ್ಟಿಬಿಡಿ.

ಸಾಲಕ್ಕಿಂತ ಮೊದಲು ಸ್ಕಾಲರ್‌ಶಿಪ್ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ ಇದೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ಗೆ ಪರಿಶಿಷ್ಟ ಜಾತಿಯವರಾದರೆ ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷ ದಾಟಿರಬಾರದು. ಯೂರೋಪಿನ ಎರಸ್ಮಸ್ ಮುಂಡಸ್ ಎಲ್ಲ ವಿಷಯದವರಿಗೂ ಇದೆ, ಬಿಎ, ಬಿಕಾಂ ಓದಿದವರಿಗೂ. ಕನಿಷ್ಠ ಎರಡು ದೇಶಗಳಲ್ಲಿ ಓದು, ತಿಂಗಳಿಗೆ 1400 ಯೂರೋ. ಅರ್ಜಿ ಹೆಚ್ಚಾಗಿ ಅಕ್ಟೋಬರಿನಿಂದ ಜನವರಿಯೊಳಗೆ. ಡಿಗ್ರಿ ಮುಗಿಯುವ ಮೊದಲೇ ಒಮ್ಮೆ ಹೋಗಿ ನೋಡಬೇಕು ಅನ್ನುವವರಿಗೆ ಕೆನಡಾದ ಮಿಟಾಕ್ಸ್ ಗ್ಲೋಬಲಿಂಕ್ ಅಂತ 12 ವಾರದ ಸಂಶೋಧನಾ ಇಂಟರ್ನ್‌ಶಿಪ್ ಇದೆ.

ಸೀಟು ಸಿಕ್ಕಿದ ದಿನವೇ ಸ್ಟುಡೆಂಟ್ ಹಾಸ್ಟೆಲ್‌ಗೆ ಅರ್ಜಿ ಹಾಕಿ, ವೀಸಾ ಬರಲಿ ಅಂತ ಕಾಯಬೇಡಿ. ಅಲ್ಲಿಗೆ ಹೋದಮೇಲೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಪತ್ರ ಬೇಕು. ಆ ನೋಂದಣಿ ಕಾಗದ ಮುಂದೆ ಪ್ರತಿ ಕಚೇರಿಯಲ್ಲೂ ಕೇಳುತ್ತಾರೆ. ಹೊರಡುವ ಮುಂಚೆ ಎಲ್ಲ ಕಾಗದದ ಒಂದೊಂದು ಪ್ರತಿ ಮನೆಯಲ್ಲಿಟ್ಟು ಹೋಗಿ. ತಮ್ಮನ ನೀಲಿ ಫೈಲು ಇನ್ನೂ ನನ್ನ ಬೀರುವಿನಲ್ಲೇ ಇದೆ. ಹೋದ ವಾರ ಫೋನ್ ಮಾಡಿ, "ಅಕ್ಕ, ಜನನ ಪ್ರಮಾಣಪತ್ರ ಸ್ಕ್ಯಾನ್ ಮಾಡಿ ಕಳ್ಸು" ಅಂದ. ಎರಡು ನಿಮಿಷದಲ್ಲಿ ಕಳಿಸಿದೆ.