ಸೋಲಾರ್ ಕೊಟೇಶನ್‌ಗೆ ಒಪ್ಪುವ ಮೊದಲು

ಮನೆ ಮೇಲೆ ಸೋಲಾರ್ ಹಾಕಿಸಬೇಕು ಅಂತಿರುವ ಶಿರಸಿ, ಕುಮಟಾ, ಕಾರವಾರದ ಕಡೆಯವರು ದಯವಿಟ್ಟು ಇದನ್ನು ಓದಿ. ನನಗೆ ಬಂದ ಒಂದು ಕೊಟೇಶನ್‌ನಲ್ಲಿ ಸಬ್ಸಿಡಿ ಕಳೆದು ಉಳಿಯುವ ಮೊತ್ತವನ್ನೇ ದೊಡ್ಡದಾಗಿ ಬರೆದಿದ್ದರು. ಆದರೆ ಮನೆ ಸೋಲಾರ್‌ಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಸೂರ್ಯ ಘರ್ ಸಬ್ಸಿಡಿ ಮೊದಲೇ ಸಿಗುವುದಿಲ್ಲ. ಕೆಲಸ ಮುಗಿದು, ಹೆಸ್ಕಾಂನವರು ನೋಡಿ, ನೆಟ್ ಮೀಟರ್ (ಲೈನ್‌ನಿಂದ ಬಂದ, ಲೈನ್‌ಗೆ ಹೋದ ಕರೆಂಟ್ ಎರಡನ್ನೂ ಲೆಕ್ಕ ಹಾಕುವ ಮೀಟರ್) ಕೂರಿಸಿದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ. ಅಲ್ಲಿಯವರೆಗೆ ಪೂರ್ತಿ ದುಡ್ಡು ನೀವೇ ಹೊಂದಿಸಬೇಕು, ಇಲ್ಲವೇ ಸಾಲ ಮಾಡಬೇಕು.

ಸಬ್ಸಿಡಿ 1 ಕಿಲೋವ್ಯಾಟ್‌ಗೆ 30,000 ರೂಪಾಯಿ, 2ಕ್ಕೆ 60,000, 3ಕ್ಕೆ 78,000. ಅದಕ್ಕಿಂತ ಜಾಸ್ತಿ ಹಾಕಿದರೂ 78,000 ಅಷ್ಟೇ. ಹಾಗಾಗಿ ಸುಮ್ನೆ 5 ಕಿಲೋವ್ಯಾಟ್ ಅಂದರೆ ಒಪ್ಪಬೇಡಿ, ವರ್ಷದ ಕರೆಂಟ್ ಬಿಲ್ ಎಲ್ಲ ತೆಗೆದು ಯೂನಿಟ್ ಎಷ್ಟು ಅಂತ ನೋಡಿ. ಪ್ಯಾನೆಲ್ ಡಿಸಿಆರ್, ಅಂದರೆ ಸೆಲ್ ಕೂಡ ಭಾರತದಲ್ಲೇ ಆಗಿದ್ದು, ಅಂತ ಕೊಟೇಶನ್‌ನಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಸಬ್ಸಿಡಿಯೇ ಇಲ್ಲ.

ಎರಡು ಕೊಟೇಶನ್ ಹೋಲಿಸುವಾಗ ಸಬ್ಸಿಡಿ ಕಳೆಯುವ ಮೊದಲಿನ ಮೊತ್ತವನ್ನು ಕಿಲೋವ್ಯಾಟ್‌ನಿಂದ ಭಾಗಿಸಿ. ಸ್ಟ್ಯಾಂಡ್, ವೈರ್, ಅರ್ಥಿಂಗ್, ಮಿಂಚು ತಡೆ ಎಲ್ಲ ಅದರಲ್ಲೇ ಸೇರಿದೆಯಾ ಕೇಳಿ. ಕರಾವಳಿಯಲ್ಲಿ ಉಪ್ಪು ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ ಅಲ್ವಾ, ಬರೀ ಬಣ್ಣ ಬಳಿದ ಸ್ಟ್ಯಾಂಡ್ ಬೇಡವೇ ಬೇಡ, ಗ್ಯಾಲ್ವನೈಸ್ ಮಾಡಿದ್ದೇ ಇರಲಿ. ಹಂಚಿನ ಮಾಡಾದರೆ ಪಕಾಸಿ ಭಾರ ತಡೆಯುತ್ತದಾ ಅಂತ ಬಡಗಿಗೆ ತೋರಿಸಿ.

ಇನ್ನೊಂದು ಮಾತು. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಅಂದರೆ ಹೆಸ್ಕಾಂ ಲೈನ್‌ಗೆ ಜೋಡಿಸಿದ್ದು, ಲೈನ್‌ನಲ್ಲಿ ಕರೆಂಟ್ ಹೋದ ಕೂಡಲೇ ನಿಲ್ಲುತ್ತದೆ. ರಿಪೇರಿ ಮಾಡುವಾಗ ನಮ್ಮ ಸೋಲಾರ್ ಕರೆಂಟ್ ಲೈನ್‌ಗೆ ಹರಿಯದೆ ಲೈನ್‌ಮನ್ ಜೀವ ಉಳಿಯಲಿ ಅಂತಲೇ ಹಾಗೆ ಮಾಡಿರುವುದು. ಹಾಗಾಗಿ ಮಳೆಗಾಲಕ್ಕೆ ಮನೆಯಲ್ಲಿ ಈಗಿರುವ ಬ್ಯಾಟರಿ ಇನ್ವರ್ಟರ್ ತೆಗೆಯಬೇಡಿ.